ವಯಸ್ಸಿನ ತಲೆಗೆ ಕಟ್ಟಿದ ತಪ್ಪು

ಆಪ್ತಸಲಹೆಗೆ ಬರುವವರು ಸಂಗೀತದ ಮಾತೆತ್ತುವುದು ಹೊರಗಿನವರು ಅಂದುಕೊಳ್ಳುವಷ್ಟು ಅಪರೂಪವಲ್ಲ. ಮಗ ಹಗಲು ರಾತ್ರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿರುಚಾಟದ ಹಾಡು ಕೇಳುತ್ತಾನೆಂದು ಹೆತ್ತವರು ಬರುತ್ತಾರೆ. ವಾರ ತಪ್ಪದೆ ಭಜನೆಗೆ ಹೋಗುತ್ತಿದ್ದ ಅತ್ತೆ ಈಗ ಅದರ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆಂದು ಸೊಸೆ ಬರುತ್ತಾಳೆ. ನಿವೃತ್ತರಾದ ಮೇಲೆ ಯಜಮಾನರು ಹಳೆಯ ಸಿನಿಮಾ ಹಾಡುಗಳ ಹಿಂದೆ ಬಿದ್ದಿದ್ದಾರೆಂದು ನಗುನಗುತ್ತಲೇ ಹೇಳಲು ತೊಡಗಿದ ಹೆಂಡತಿ ಮಾತು ಮುಗಿಯುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ಇವರೆಲ್ಲರಿಗೂ ನಾನು ಹೇಳುತ್ತಿದ್ದ ಸಮಾಧಾನದಲ್ಲಿ ‘ವಯಸ್ಸು’ ಎಂಬ ಶಬ್ದ ಎಲ್ಲೋ ಒಂದು ಕಡೆ ಬಂದೇ ಬರುತ್ತಿತ್ತು: ಹುಡುಗನಿಗೆ ವಯಸ್ಸಾದಂತೆ ಸರಿಹೋಗುತ್ತದೆ, ಹಿರಿಯರಿಗೆ ವಯಸ್ಸಾದ್ದರಿಂದ ಹೀಗಾಗಿದೆ. ಬಳ್ಳಾರಿಯಲ್ಲಿ ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ ಮೇಲೆ ಆ ಶಬ್ದ ತಾನಾಗಿಯೇ ನಾಲಿಗೆಗೆ ಬರುವಷ್ಟು ರೂಢಿಯಾಗಿತ್ತು. ಅದನ್ನು ಹಾಗೆ ಸಲೀಸಾಗಿ ಬಳಸಿ ನಾನು ಎಡವಿದ ಪ್ರಕರಣ ಇದು. ಬಂದವರ ಒಪ್ಪಿಗೆ ಪಡೆದು, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರಿಗೆ ಆಗ 39 ವರ್ಷ. ಹುಟ್ಟಿದ್ದು, ಓದಿದ್ದು ಬಳ್ಳಾರಿಯಲ್ಲೇ. ಜಿಲ್ಲೆಯ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುವ ಎಂಜಿನಿಯರ್. ಹೆಂಡತಿ ಶಿಕ್ಷಕಿ, ಮಗಳು ಐದನೆಯ ತರಗತಿ. ಸಾಲದ ಕಾಟವಿಲ್ಲ, ಕುಡಿತವಿಲ್ಲ, ಮನೆಯಲ್ಲಿ ಜಗಳವೆಂದರೆ ಎಲ್ಲರ ಮನೆಯಲ್ಲಿ ಇರುವಷ್ಟೇ. ಇದಕ್ಕಿಂತ ಹೆಚ್ಚಿನ ಹಿನ್ನೆಲೆ ಈ ಬರಹಕ್ಕೆ ಬೇಕಾಗಿಲ್ಲ.

ಬೇಕಾದದ್ದು ಅವರ ಹಾಡಿನ ಕಥೆ. ಅವರು ಹದಿನೇಳನೆಯ ವಯಸ್ಸಿನಿಂದ, ಗಿಟಾರ್ ಮತ್ತು ಡ್ರಮ್‌ಗಳ ಅಬ್ಬರದ ಹೆವಿ ಮೆಟಲ್ ಸಂಗೀತದ ಹುಚ್ಚು ಹಿಡಿಸಿಕೊಂಡವರು. ಕಾಲೇಜಿನ ಗೆಳೆಯನೊಬ್ಬ ಬೆಂಗಳೂರಿನಿಂದ ಸಿ.ಡಿ.ಗಳಿಗೆ ತುಂಬಿಸಿ ತಂದ ಹಾಡುಗಳನ್ನು ಐವರು ಹುಡುಗರು ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳುತ್ತಿದ್ದರಂತೆ. 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಈ ಐವರೂ ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ರಾತ್ರಿಯಿಡೀ ನಿಂತುಕೊಂಡೇ ಹೋಗಿದ್ದರು. 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಅಮೆರಿಕದ ಮೆಟಾಲಿಕಾ ತಂಡ ಬಂದಾಗ ನೌಕರಿಯಲ್ಲಿದ್ದ ಅವರು ರಜೆ ಹಾಕಿ ಹೋದರು. ಬಳ್ಳಾರಿಯ ಬಿಸಿಲಿಗೆ ಕಪ್ಪು ಅಂಗಿ ತೊಟ್ಟು ತಿರುಗುವ ಮಗನನ್ನು ಕಂಡು ಅವರ ತಾಯಿ ಯಾರೋ ಮಾಟ ಮಾಡಿಸಿದ್ದಾರೆಂದು ಹೆದರಿದ್ದರಂತೆ. ಆ ಅಂಗಿ ಈಗಲೂ ಟ್ರಂಕಿನಲ್ಲಿದೆ. ‘ಮೊದಲನೇ ಸಲ ಹೋಗಿ ಬಂದಾಗ ಮೂರು ದಿನ ಗಂಟಲು ಬಿದ್ದು ಹೋಗಿತ್ತು ಮೇಡಂ, ಕಿವಿಯಾಗ ಎರಡು ದಿನ ಗುಂಯ್ ಅಂತಿತ್ತು’ ಎಂದು ನಗುತ್ತ ಹೇಳಿದರು. ನಾನೂ ನಕ್ಕೆ. ಟಿಪ್ಪಣಿಯಲ್ಲಿ ಗಂಟಲಿನ ವಿಷಯ ಬರೆದುಕೊಂಡೆ, ಕಿವಿಯದನ್ನು ಬರೆದುಕೊಳ್ಳಲಿಲ್ಲ.

ಅವರನ್ನು ನನ್ನ ಬಳಿಗೆ ತಂದದ್ದು ಒಂದು ಸಾವು. ಬರ್ಮಿಂಗ್‌ಹ್ಯಾಮ್ ನಗರದ ಬ್ಲ್ಯಾಕ್ ಸಬ್ಬಾತ್ ತಂಡವನ್ನು ಈ ಸಂಗೀತದ ಮೂಲಪುರುಷರ ಸಾಲಿನಲ್ಲಿ ಇಡುತ್ತಾರೆ. ಅವರ ಮೊದಲ ಧ್ವನಿಮುದ್ರಿಕೆ ಬಂದದ್ದು 1970ರಲ್ಲಿ. ಆ ತಂಡದ ವಿದಾಯದ ಕಾರ್ಯಕ್ರಮ 2025ರ ಜುಲೈ 5ರಂದು ಅದೇ ಊರಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ನಡೆಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದ ಗಾಯಕ ಓಜಿ ಆಸ್‌ಬೋರ್ನ್ 76ನೆಯ ವಯಸ್ಸಿನಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದರು. ಹದಿನೇಳು ದಿನಗಳ ಬಳಿಕ, ಜುಲೈ 22ರಂದು ತೀರಿಕೊಂಡರು. ಸುದ್ದಿ ತಿಳಿದ ರಾತ್ರಿ ಐವರು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಶೋಕವೋ ಶೋಕ. ಇವರು ಮಾಳಿಗೆಗೆ ಹೋಗಿ, ಇಯರ್‌ಫೋನ್ ಹಾಕಿಕೊಂಡು, ಇಪ್ಪತ್ತು ವರ್ಷ ಪ್ರಾಣಕ್ಕೆ ಪ್ರಾಣವಾಗಿದ್ದ ಹಾಡನ್ನು ಹಚ್ಚಿದರು. ‘ಅಂಗಡಿ ಶಟರ್ ಎಳೆದಂಗ ಕೇಳಿಸ್ತು. ಬರೀ ಗದ್ದಲ. ನಾಕು ನಿಮಿಷಕ್ಕ ಬಂದ್ ಮಾಡಿದೆ. ಎಪ್ಪತ್ತಾರು ವರ್ಷದ ಮುದುಕ ಏಳಾಕ ಆಗದಿದ್ರೂ ಕೂತು ಹಾಡ್ಯಾನ, ಮೂವತ್ತೊಂಬತ್ತು ವರ್ಷದ ನನಗ ಕೂತು ಕೇಳಾಕ ಆಗವಲ್ದು.’ ಗುಂಪಿನಲ್ಲಿ ಇವರ ಮೌನ ಕಂಡು ಗೆಳೆಯನೊಬ್ಬ ‘ಸಂಸಾರಸ್ಥ ಆದಿ ಬಿಡೋ, ಇನ್ನ ಭಜನಿ ಹಾಡು’ ಎಂದು ಚುಡಾಯಿಸಿದ್ದ. ಆ ಮಾತು ಒಳಗೆ ಕೂತುಬಿಟ್ಟಿತ್ತು.

ಮೊದಲ ಭೇಟಿಯಲ್ಲಿ ನಾನು ಕಂಡದ್ದು ಇಷ್ಟು. ನಿದ್ದೆ ಸರಿಯಿಲ್ಲ. ಮದುವೆ ಮುಂಜಿಗೆ, ಗೆಳೆಯರ ಕೂಟಕ್ಕೆ ಹೋಗುವುದನ್ನು ತಪ್ಪಿಸುತ್ತಾರೆ; ಹೋದರೂ ಮೂಲೆ ಹಿಡಿದು ಕೂರುತ್ತಾರೆ. ಮಗಳ ಮೇಲೆ ಕಾರಣವಿಲ್ಲದೆ ರೇಗುತ್ತಾರೆ. ಪ್ರೀತಿಯ ಸಂಗತಿಯೊಂದರಲ್ಲಿ ಆಸಕ್ತಿ ಸತ್ತಿದೆ. ಈ ನಾಲ್ಕನ್ನೂ ಒಟ್ಟಿಗೆ ಕಂಡ ಯಾವ ಸಲಹೆಗಾರರಿಗಾದರೂ ಮೊದಲು ಖಿನ್ನತೆಯ ಅನುಮಾನ ಬರಬೇಕು, ನನಗೂ ಬಂತು. ಆದರೆ ಕೆಲಸದಲ್ಲಿ ಹುಮ್ಮಸ್ಸು ಇತ್ತು, ಊಟ ರುಚಿಸುತ್ತಿತ್ತು, ಮಗಳ ಶಾಲೆಯ ಮಾತು ಬಂದಾಗ ಮುಖ ಅರಳುತ್ತಿತ್ತು. ಎಲ್ಲದರಲ್ಲೂ ರುಚಿ ಹೋಗಿ, ಅದು ಎರಡು ವಾರ ದಾಟಿದರೆ ಮನೋವೈದ್ಯರ ಕಡೆ ಕಳಿಸಲೇಬೇಕು. ಅಂಥವರು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೂ ಕರೆ ಮಾಡಬಹುದು. ಇವರದು ಹಾಗಿರಲಿಲ್ಲ. ಅಂದು ಜೊತೆಗೆ ಬಂದಿದ್ದ ಹೆಂಡತಿಯನ್ನೂ ಐದು ನಿಮಿಷ ಮಾತನಾಡಿಸಿದೆ. ಅವರ ದೂರು ಒಂದೇ ಆಗಿತ್ತು. ಅದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದೆ: ‘ಮಾತು ಕೇಳುವುದಿಲ್ಲ.’ ಹೆಂಡಂದಿರು ಗಂಡಂದಿರ ಬಗ್ಗೆ ಹೇಳುವ ಈ ಮಾತನ್ನು ನಾನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. ಅದರ ಅರ್ಥ ನನಗೆ ಗೊತ್ತಿದೆಯೆಂದು ತಿಳಿದಿದ್ದೆ.

ಎರಡನೆಯ ಭೇಟಿಯಲ್ಲಿ ನಾನು ವಯಸ್ಸಿನ ಪಾಠ ಹೇಳಿದೆ. 2013ರಲ್ಲಿ ಪ್ರಕಟವಾದ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಆಧರಿಸಿದ ಅಧ್ಯಯನವೊಂದಿದೆ. ರಾಕ್, ಪಂಕ್, ಮೆಟಲ್‌ನಂಥ ಬಿರುಸಿನ ಸಂಗೀತದ ಮೇಲಿನ ಒಲವು ಹದಿಹರೆಯದಲ್ಲಿ ಉತ್ತುಂಗದಲ್ಲಿದ್ದು, ಬಳಿಕ ನಡುವಯಸ್ಸಿನ ಕಡೆಗೆ ಇಳಿಯುತ್ತ ಹೋಗುತ್ತದೆಂದು ಅದು ತೋರಿಸಿತು. ಹರೆಯದವರಿಗೆ ಹಾಡು ಒಂದು ಬಾವುಟ, ನಾನು ನಿಮ್ಮಂತಲ್ಲ ಎಂದು ಮನೆಯವರ ಎದುರು ಎತ್ತಿ ಹಿಡಿಯುವ ಬಾವುಟ. ನೌಕರಿ, ಮನೆ, ಮಗು ಬಂದ ಮೇಲೆ ಆ ಗುರುತು ಬೇರೆ ಕಡೆಯಿಂದ ಸಿಗುತ್ತದೆ, ಬಾವುಟ ಹಿಡಿದು ಕೈ ಸೋಲಿಸಿಕೊಳ್ಳುವ ಅಗತ್ಯ ಉಳಿಯುವುದಿಲ್ಲ. ಹೀಗೆಲ್ಲ ವಿವರಿಸಿ, ನಿಮಗೆ ಆಗಿರುವುದು ರೋಗವಲ್ಲ, ಲೋಕರೂಢಿ ಎಂದು ಮುಗಿಸಿದೆ. ‘ಹಂಗಾದ್ರ ಇದು ನಾರ್ಮಲ್ ಅಂತೀರಿ’ ಎಂದರು. ಹೌದೆಂದೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಅದನ್ನು ಸಮಾಧಾನವೆಂದು ಓದಿಕೊಂಡೆ.

ಅಧ್ಯಯನ ಸುಳ್ಳಲ್ಲ, ನಾನು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಲಕ್ಷಾಂತರ ಜನರ ಸರಾಸರಿಯನ್ನು ತಂದು ಎದುರಿಗೆ ಕುಳಿತ ಒಬ್ಬರ ಕೊರಳಿಗೆ ಹಾಕಿದ್ದು ತಪ್ಪು. ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ವಯಸ್ಸಿನಿಂದ ಅಭಿರುಚಿ ಸರಿದುಹೋದಾಗ ಹಳೆಯ ಹಾಡು ಬೇಸರ ತರುತ್ತದೆ. ಮನಸ್ಸು ಬೇರೆಡೆಗೆ ಹೋಗುತ್ತದೆ, ನಡುವೆ ಫೋನು ನೋಡುತ್ತೇವೆ, ಹಾಡು ಮುಗಿದದ್ದೇ ತಿಳಿಯುವುದಿಲ್ಲ. ಇವರು ಬೇಸರವಾಯಿತೆಂದು ಒಮ್ಮೆಯೂ ಹೇಳಿರಲಿಲ್ಲ. ಗದ್ದಲವಾಯಿತು, ತಡೆಯಲಾಗಲಿಲ್ಲ, ಶಟರ್ ಎಳೆದಂತಾಯಿತು ಎಂದಿದ್ದರು. ಬೇಸರ ಬೇರೆ, ನೋವು ಬೇರೆ. ನಮ್ಮ ಕಡೆ ನಲವತ್ತು ಹತ್ತಿರ ಬಂದವನು ಹುಡುಗಾಟ ಬಿಟ್ಟನೆಂದರೆ ಮನೆಮಂದಿಗೆಲ್ಲ ಸಂತೋಷ; ಈಗಲಾದರೂ ಬುದ್ಧಿ ಬಂತೆನ್ನುತ್ತಾರೆ. ಅವರ ಹೆಂಡತಿಯೂ ಹಾಗೇ ಅಂದಿದ್ದರು. ಆ ಸಂತೋಷದಲ್ಲಿ ನಾನೂ ಸ್ವಲ್ಪ ಪಾಲು ತೆಗೆದುಕೊಂಡಿದ್ದೆನೆಂದು ಒಪ್ಪಿಕೊಳ್ಳಬೇಕು. ಆ ಸಂಗೀತ ನನಗೆ ಹಿಡಿಸುವುದಿಲ್ಲ. ನನ್ನ ಕಿವಿ ಬೆಳೆದದ್ದು ದೊಡ್ಡಾಟದ ಮದ್ದಳೆಯಲ್ಲಿ, ಆಕಾಶವಾಣಿಯ ಭಾವಗೀತೆಯಲ್ಲಿ. ಹಿಡಿಸದ್ದನ್ನು ಬೇರೊಬ್ಬರು ಬಿಟ್ಟರೆ ಅದಕ್ಕೆ ಕಾರಣ ಹುಡುಕುವ ಉತ್ಸಾಹ ಯಾರಿಗೂ ಅಷ್ಟಾಗಿ ಇರುವುದಿಲ್ಲ.

ಮೂರನೆಯ ಭೇಟಿಗೆ ಅವರು ಬರುವುದಿಲ್ಲವೆಂದುಕೊಂಡಿದ್ದೆ, ಬಂದರು. ಏನೂ ಬದಲಾಗಿರಲಿಲ್ಲ. ಮುಂದೇನು ಮಾಡುವುದೆಂದು ತೋಚದೆ, ಆ ಹಾಡನ್ನೇ ಇಲ್ಲಿ ಹಚ್ಚೋಣವೆಂದೆ. ಹಾಡಿನ ಯಾವ ಜಾಗದಲ್ಲಿ ಮನಸ್ಸು ಹಿಂಜರಿಯುತ್ತದೆಂದು ಹಿಡಿಯುವುದಷ್ಟೇ ನನ್ನ ಉದ್ದೇಶ. ಕಿವಿಯ ಯೋಚನೆ ಆಗಲೂ ಇರಲಿಲ್ಲ. ನನ್ನ ಕೋಣೆ ರಸ್ತೆಯ ಮೇಲಿನ ಮಹಡಿಯಲ್ಲಿದೆ. ಆಟೋಗಳ ಸದ್ದು ಬರದಿರಲೆಂದು ಕಿಟಕಿ ಹಾಕಿ, ಫ್ಯಾನನ್ನೂ ನಿಲ್ಲಿಸಿದೆ. ಅವರು ಬ್ಯಾಗಿನಿಂದ ಅಂಗೈಯಗಲದ ಸ್ಪೀಕರ್ ತೆಗೆದು ಮೇಜಿನ ಮೇಲಿಟ್ಟರು. ಹಾಡು ಸಾಗುತ್ತಿರುವಾಗ ಏನೇನು ಕೇಳಿಸುತ್ತಿದೆಯೋ ಅದನ್ನು ಕ್ರಿಕೆಟ್ ಕಾಮೆಂಟರಿಯಂತೆ ಹೇಳುತ್ತ ಹೋಗಿ, ನನಗೆ ಈ ಸಂಗೀತದ ಗಂಧಗಾಳಿಯಿಲ್ಲ ಎಂದೆ.

ಅದು ಬ್ಲ್ಯಾಕ್ ಸಬ್ಬಾತ್ ತಂಡದ ನಿಧಾನಗತಿಯ ಒಂದು ಹಾಡು. ಕಲಿಸುವ ಅವಕಾಶ ಸಿಕ್ಕಿದ್ದೇ ಅವರ ದನಿ ಬದಲಾಯಿತು. ಹಾಡು ಶುರುವಾಗುವ ಮೊದಲೇ ಗಿಟಾರ್ ನುಡಿಸುವ ಟೋನಿ ಅಯೋಮಿಯ ಕಥೆ ಹೇಳಿದರು. ಹದಿನೇಳನೆಯ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಕೆಲಸದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಅಯೋಮಿಯ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಆತ ಎಡಚ, ತಂತಿಗಳನ್ನು ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಮತ್ತೆ ನುಡಿಸಲು ಕೂತ. ಮುಂದೆ ಬೆರಳಿಗೆ ನೋವಾಗದಿರಲೆಂದು ತಂತಿಗಳನ್ನು ಸಡಿಲಿಸಿಕೊಂಡ. ಸಡಿಲಿಸಿದ ತಂತಿಯಿಂದ ಸ್ವರ ಕೆಳಕ್ಕಿಳಿದು ಭಾರವಾಯಿತು. ‘ಈ ಹಾಡಿಗೆ ಕಾರ್ಖಾನಿ ವಾಸನಿ ಐತ್ರಿ, ಅದಕ್ಕೇ ನಮ್ಮಂಥ ಊರಿನ ಹುಡುಗರಿಗೆ ಹಿಡೀತು’ ಎಂದರು. ಕೆಮ್ಮಣ್ಣಿನ ಲಾರಿಗಳ ನಡುವೆ ಬೆಳೆದ ಹುಡುಗನೊಬ್ಬ ಸಾವಿರಾರು ಮೈಲಿ ದೂರದ ಕಬ್ಬಿಣದ ಊರಿನ ಹಾಡನ್ನು ತನ್ನದೆಂದುಕೊಂಡದ್ದು ನನಗೆ ಆಗ ಮೊದಲ ಸಲ ಅರ್ಥವಾಯಿತು.

ಹಾಡು ಶುರುವಾಯಿತು. ‘ಇದು ಗಿಟಾರು. ಅದರ ಕೆಳಗ ದಪ್ಪಗ ಬರತೈತಲ್ಲ, ಅದು ಬೇಸ್. ಈಗ ಡ್ರಮ್ ಬಂತು ನೋಡ್ರಿ. ಇಲ್ಲಿ ಸಿಂಬಲ್ ಇತ್ತು...’

ಅವರು ಮುಂದಕ್ಕೆ ಹೋದರು. ನಾನು ಅಲ್ಲೇ ನಿಂತೆ. ಉಳಿದದ್ದಕ್ಕೆಲ್ಲ ಇದು, ಬಂತು ಎಂದವರು ಡ್ರಮ್ಮಿನ ಜೊತೆಗಿನ ಲೋಹದ ತಟ್ಟೆಯಾದ ಸಿಂಬಲ್‌ಗೆ ಮಾತ್ರ ‘ಇತ್ತು’ ಎಂದಿದ್ದರು.

‘ಇತ್ತು ಅಂದರೇನು? ಇದೆಯಲ್ಲ’ ಎಂದೆ. ಕಂಚಿನ ತಟ್ಟೆಗೆ ಕಡ್ಡಿ ತಾಗಿಸಿದಂತೆ, ಸಣ್ಣಗೆ, ಬಿಡದೆ ಸಿಡಿಯುತ್ತಿತ್ತು. ಈ ಸಂಗೀತದ ಓನಾಮ ತಿಳಿಯದ, 57 ವರ್ಷದ ನನಗೆ ಅದು ಕೇಳಿಸುತ್ತಿತ್ತು.

‘ಎಲ್ಲೈತಿ?’

ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿಸಿದೆ. ಸಿಂಬಲ್ ಬಿದ್ದಾಗಲೆಲ್ಲ ನಾನು ಪೆನ್ನಿನಿಂದ ಮೇಜಿನ ಅಂಚಿಗೆ ತಟ್ಟುತ್ತ ಹೋದೆ. ಅವರು ಸ್ಪೀಕರ್ ಕಡೆ ನೋಡುವುದನ್ನು ಬಿಟ್ಟು ನನ್ನ ಪೆನ್ನನ್ನೇ ನೋಡುತ್ತಿದ್ದರು. ಮೂರನೆಯ ಸಲ ಸ್ಪೀಕರನ್ನು ಎತ್ತಿ ಬಲಗಿವಿಗೆ ಹಿಡಿದರು, ಎಡಗಿವಿಗೆ ಹಿಡಿದರು, ಮೇಜಿನ ಮೇಲಿಟ್ಟು ತಾವೇ ಆರಿಸಿದರು. ಫ್ಯಾನಿಲ್ಲದ ಕೋಣೆಯಲ್ಲಿ ಇಬ್ಬರೂ ಬೆವರುತ್ತಿದ್ದೆವು. ‘ನಿಮಗ ಖರೇನ ಕೇಳಿಸ್ತೈತಾ ಮೇಡಂ?’ ಎಂದು ಕೇಳಿದರು. ಅಷ್ಟು ಮೆಲ್ಲಗೆ ಅವರು ಮಾತನಾಡಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. ಅವರು ಸದಾ ಸ್ವಲ್ಪ ಜೋರಾಗಿಯೇ ಮಾತನಾಡುತ್ತಾರೆಂಬುದೂ ಆಗಲೇ ಹೊಳೆಯಿತು.

ಆಮೇಲೆ ಒಂದೊಂದಾಗಿ ಹೊರಬಂತು. ಹದಿನಾಲ್ಕು ವರ್ಷ ಅದಿರು ಪುಡಿ ಮಾಡುವ ಕ್ರಷರ್ ಮತ್ತು ಕಂಪ್ರೆಸರ್‌ಗಳ ನಡುವೆ ಕೆಲಸ. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಪ್ಲಗ್ಗುಗಳು ಲಾಕರಿನಲ್ಲಿ ಬಿದ್ದಿವೆ, ಏಕೆಂದರೆ ಅವನ್ನು ಹಾಕಿಕೊಂಡರೆ ಜೊತೆಯವರು ಕೂಗಿದ್ದು ಕೇಳುವುದಿಲ್ಲ. ಮನೆಗೆ ಬಂದ ಮೇಲೆ, ಕಾರ್ಖಾನೆಯ ಸದ್ದನ್ನು ತಲೆಯಿಂದ ಓಡಿಸಲು ಇಯರ್‌ಫೋನಿನಲ್ಲಿ ಪೂರ್ತಿ ಸದ್ದಿಟ್ಟು ಹಾಡು. ರಾತ್ರಿ ದೀಪ ಆರಿಸಿದ ಮೇಲೆ ಕಿವಿಯೊಳಗೆ ಜೀರುಂಡೆ. ನಿದ್ದೆ ಬಾರದ್ದು ಚಿಂತೆಯಿಂದಲ್ಲ, ಅದರಿಂದ. ಮದುವೆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಯಾರ ಮಾತೂ ಬಿಡಿಯಾಗಿ ತಿಳಿಯದು, ಅದಕ್ಕೇ ಮೂಲೆ ಹಿಡಿಯುವುದು. ಮಗಳ ಸಣ್ಣ ದನಿ ಅರ್ಧಂಬರ್ಧ ಕೇಳಿ, ಮತ್ತೆ ಮತ್ತೆ ಏನು ಎಂದು ಕೇಳಲು ನಾಚಿ, ರೇಗುವುದು. ನಾನು ಖಿನ್ನತೆಯ ಕಡೆಗೆ ಲೆಕ್ಕ ಹಾಕಿದ್ದ ನಾಲ್ಕೂ ಲಕ್ಷಣಗಳು ಒಂದೇ ಕಡೆ ಬಂದು ನಿಂತವು. ಕೊನೆಗೆ ಅವರು ನಕ್ಕು ಒಂದು ಮಾತು ಹೇಳಿದರು: ‘ಆಗ ಈ ಸದ್ದು ಕೇಳಾಕ ನಾವು ರೊಕ್ಕ ಕೊಡ್ತಿದ್ವಿ. ಈಗ ಇದಕ್ಕಿಂತ ದೊಡ್ಡ ಸದ್ದು ಕೇಳಾಕ ನಮಗ ಪಗಾರ ಕೊಡ್ತಾರ.’

ಅವರು ಹೋದ ಮೇಲೆ ಮೊದಲ ಭೇಟಿಯ ಟಿಪ್ಪಣಿ ತೆಗೆದೆ. ‘ಮಾತು ಕೇಳುವುದಿಲ್ಲ.’ ನಮ್ಮ ಭಾಷೆಯಲ್ಲಿ ಕಿವಿಗೆ ಬೀಳುವುದಕ್ಕೂ ಹೇಳಿದಂತೆ ನಡೆಯುವುದಕ್ಕೂ ಒಂದೇ ಪದ. ಹೆಂಡತಿ ಒಂದರ್ಥದಲ್ಲಿ ಹೇಳಿದ್ದರು, ನಾನೂ ಅದೇ ಅರ್ಥದಲ್ಲಿ ಬರೆದುಕೊಂಡಿದ್ದೆ, ಇನ್ನೊಂದು ಅರ್ಥ ಹಾಳೆಯ ಮೇಲೆ ಗೆರೆ ಎಳೆಸಿಕೊಂಡು ಮೂರು ವಾರ ಕಾದಿತ್ತು.

ನಾನು ಕೊಟ್ಟ ಮೊದಲ ಸಲಹೆ, ಕಿವಿ ಮೂಗು ಗಂಟಲಿನ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸುವವರೆಗೆ ನನ್ನ ಬಳಿ ಬರಬೇಡಿ ಎಂಬುದು. ಕೆಲವರಿಗೆ ಇದು ಒರಟೆನಿಸಬಹುದು. ಆದರೆ ಕಿವಿಯ ತೊಂದರೆ ಇರುವವರನ್ನು ಮಾತಿನಿಂದಲೇ ಗುಣಪಡಿಸಲು ಹೊರಡುವುದು ಅದಕ್ಕಿಂತ ಒರಟು. ಪರೀಕ್ಷೆಯ ಹಾಳೆ ತಂದು ತೋರಿಸಿದರು. ದಪ್ಪ ಸ್ವರಗಳಲ್ಲಿ ಗೆರೆ ನೇರವಾಗಿಯೇ ಇತ್ತು. ಚೂಪು ಸ್ವರಗಳ ಕಡೆ, 4000 ಹರ್ಟ್ಸ್ ಹತ್ತಿರ, ಎರಡೂ ಕಿವಿಗಳ ಗೆರೆ ಬಾವಿಗೆ ಬಿದ್ದಂತೆ ಕುಸಿದು, 8000ದ ಕಡೆಗೆ ಸ್ವಲ್ಪ ಮೇಲೆದ್ದಿತ್ತು. ದೀರ್ಘಕಾಲದ ಸದ್ದಿನ ಹೊಡೆತಕ್ಕೆ ಸಿಕ್ಕ ಕಿವಿಯಲ್ಲಿ ಸಾಮಾನ್ಯವಾಗಿ ಕಾಣುವ ಗುರುತು ಇದು. ಬರೀ ವಯಸ್ಸಿನ ಕಿವುಡಾದರೆ ಗೆರೆ ಕೊನೆಯವರೆಗೂ ಇಳಿಯುತ್ತಲೇ ಹೋಗುತ್ತದೆ. ಒಳಗಿವಿಯ ಶಂಖದಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಎಳೆಗಳುಳ್ಳ ಕೋಶಗಳಿವೆ, ಒಂದೊಂದು ಕಿವಿಗೆ ಸುಮಾರು 15,000. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಚೂಪು ಸ್ವರ ಹಿಡಿಯುವ ಕೋಶಗಳು ಮೊದಲು ಹೋಗುತ್ತವೆ. ಸಿಂಬಲ್, ಮಗುವಿನ ದನಿ, ಮಾತಿನಲ್ಲಿ ಸ, ಶದಂಥ ಅಕ್ಷರಗಳು ಮಸುಕಾಗುತ್ತವೆ. ಇದರ ಜೊತೆಗೇ ಒಂದು ವಿಚಿತ್ರವೂ ಉಂಟು. ಇಂಥ ಕಿವಿಗೆ ಸಣ್ಣ ಸದ್ದು ಕೇಳದು, ದೊಡ್ಡ ಸದ್ದು ಸಹಿಸದು. ನಡುವಿನ ಜಾಗ ಕಿರಿದಾಗಿರುತ್ತದೆ. ವಾದ್ಯಗಳನ್ನು ಬಿಡಿಬಿಡಿಯಾಗಿ ತೋರಿಸುವ ಸೂಕ್ಷ್ಮ ಸ್ವರಗಳು ಅಳಿಸಿಹೋಗಿ, ಉಳಿದ ದಪ್ಪ ಸ್ವರಗಳು ಒಟ್ಟಿಗೆ ಮೈಮೇಲೆ ಬಿದ್ದರೆ ಶಟರ್ ಎಳೆದಂತೆ ಕೇಳದೆ ಇನ್ನು ಹೇಗೆ ಕೇಳಬೇಕು?

ಕಾರ್ಖಾನೆಯ ಬಗ್ಗೆ ನಾನು ಹೇಳಿದ್ದು ನೇರವಾಗಿತ್ತು. ಪ್ಲಗ್ಗನ್ನು ಲಾಕರಿನಿಂದ ಕಿವಿಗೆ ತನ್ನಿ, ಜೊತೆಯವರೊಡನೆ ಕೈಸನ್ನೆ ಗೊತ್ತುಮಾಡಿಕೊಳ್ಳಿ, ಪರೀಕ್ಷೆಯ ಫಲಿತಾಂಶವನ್ನು ಮೇಲಿನವರಿಗೆ ಬರವಣಿಗೆಯಲ್ಲಿ ತಿಳಿಸಿ, ಸದ್ದು ಕಡಿಮೆಯಿರುವ ವಿಭಾಗ ಕೇಳಿ. ಹೀಗೆ ಕೇಳುವುದು ದೂರು ಕೊಟ್ಟಂತಾಗುತ್ತದೆಂದು ಅವರು ಅಳುಕಿದರು. ಸದ್ದಿನಿಂದ ಬರುವ ಕಿವುಡನ್ನು ಕಾರ್ಖಾನೆ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಲಾಗಿತ್ತೆಂದು ನೆನಪಿಸಿದೆ.

ಹಾಡಿನ ಬಗ್ಗೆ ಹೇಳಿದ್ದಕ್ಕೆ ಮಾತ್ರ ನನ್ನ ವೃತ್ತಿಯವರಿಂದಲೇ ಆಕ್ಷೇಪ ಬಂತು. ಕಿವಿ ಹೋಗಿದೆ, ಇನ್ನಾದರೂ ಆ ಗಲಾಟೆಯ ಸಂಗೀತ ಬಿಡಿ ಎಂದು ನೀವು ಹೇಳಬೇಕಿತ್ತು ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಕಿವಿಗೆ ಸಂಗೀತದ ಜಾತಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸದ್ದು ಎಷ್ಟು, ಎಷ್ಟು ಹೊತ್ತು ಎಂಬುದಷ್ಟೇ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಿಕೊಳ್ಳಬಹುದೆಂದು ಲೆಕ್ಕವಿಟ್ಟರೆ, ಪ್ರತಿ ಮೂರು ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಬಂದಾಗ ಉಳಿಯುವುದು ಹದಿನೈದೇ ನಿಮಿಷ. ಮದುವೆ ಮೆರವಣಿಗೆಯ ಡಿ.ಜೆ. ಪೆಟ್ಟಿಗೆಗೂ ಕ್ರಷರಿಗೂ ದೇವರನಾಮದ ಧ್ವನಿವರ್ಧಕಕ್ಕೂ ಲೆಕ್ಕ ಒಂದೇ. ಈ ಸಂಗೀತ ಸಿಟ್ಟು ಕೆರಳಿಸುತ್ತದೆಂಬ ಮಾತೂ ಬಂತು. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಈ ಸಂಗೀತದ 39 ಅಭಿಮಾನಿಗಳಿಗೆ ಮೊದಲು ಸಿಟ್ಟು ಬರಿಸಿ, ಆಮೇಲೆ ಅರ್ಧದಷ್ಟು ಜನರನ್ನು ತಮ್ಮಿಷ್ಟದ ಹಾಡು ಕೇಳಲು ಬಿಟ್ಟು, ಉಳಿದವರನ್ನು ಸುಮ್ಮನೆ ಕೂರಿಸಿ ನೋಡಿದರು. ಹಾಡು ಕೇಳಿದವರ ಸಿಟ್ಟು ಏರಲಿಲ್ಲ, ಮನಸ್ಸು ತಹಬಂದಿಗೆ ಬಂತು. ಚಿಕ್ಕ ಅಧ್ಯಯನವೇ ಸರಿ. ಆದರೆ ಆಕ್ಷೇಪಿಸಿದವರ ಬಳಿ ಅಷ್ಟೂ ಇರಲಿಲ್ಲ.

ಹಾಗಾಗಿ ನಾನು ಹೇಳಿದ್ದು ಬೇರೆ. ಹಾಡು ಬಿಡಬೇಡಿ, ಸದ್ದು ಬಿಡಿ. ಮನೆಯವರು ಮಾತನಾಡಿಸಿದರೆ ಕೇಳುವಷ್ಟು ಸಣ್ಣಗೆ, ಶಾಂತವಾದ ಕೋಣೆಯಲ್ಲಿ, ದಿನಕ್ಕೆ ಅರ್ಧ ತಾಸು. ಮೂರು ತಿಂಗಳು ಏನನ್ನೂ ತೀರ್ಮಾನಿಸಬೇಡಿ: ಇಷ್ಟ ಸತ್ತಿತೆಂದೂ ಅನ್ನಬೇಡಿ, ಬದುಕಿದೆಯೆಂದು ಗೆಳೆಯರ ಗುಂಪಿನಲ್ಲಿ ಸಾಧಿಸಲೂ ಹೋಗಬೇಡಿ. ಹೀಗೆ ಹೇಳಲು ಕಾರಣವಿತ್ತು. ಕಿವಿ ಕಳೆದುಕೊಂಡದ್ದು ಗೊತ್ತಾದ ವಾರವೇ ಹಾಡನ್ನೂ ಕಿತ್ತುಕೊಂಡರೆ, ಆ ಮನುಷ್ಯ ಅಳಬೇಕಾದದ್ದು ಯಾವುದಕ್ಕೆಂದು ಅವರಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಅದಲ್ಲದೆ, ವಯಸ್ಸಿನ ಪಾಲೆಷ್ಟು, ಕಿವಿಯ ಪಾಲೆಷ್ಟು ಎಂದು ಬೇರ್ಪಡಿಸಲು ಬೇರೆ ದಾರಿ ನನಗೆ ಕಾಣಲಿಲ್ಲ.

ನಡುವೆ ಒಮ್ಮೆ ಹೆಂಡತಿಯನ್ನು ಕರೆಸಿ, ಮುಖ ನೋಡಿ ಮಾತನಾಡಿ, ಬೇರೆ ಕೋಣೆಯಿಂದ ಕೂಗಬೇಡಿ, ಹಿಂದಿನಿಂದ ಹೇಳಿ ಉತ್ತರ ಬರಲಿಲ್ಲವೆಂದು ಸಿಟ್ಟಾಗಬೇಡಿ ಎಂದು ವಿವರಿಸಿದೆ. ಆಕೆ ಬಹಳ ಹೊತ್ತು ಮೇಜನ್ನೇ ನೋಡುತ್ತಿದ್ದರು. ‘ಹಿಂದಿನ ಬೆಂಚಿನ ಹುಡುಗ ಹೇಳಿದ್ದು ಕೇಳದಿದ್ರ, ಹೊಡೀಬ್ಯಾಡ್ರಿ, ಮೊದಲು ಕಿವಿ ತೋರಸ್ರಿ ಅಂತ ಅವರಪ್ಪಗ ನಾನ ಹೇಳ್ತೀನ್ರಿ’ ಎಂದರು. ಮುಂದಿನ ಮಾತನ್ನು ಅವರು ಪೂರ್ತಿ ಮಾಡಲಿಲ್ಲ.

ನಾಲ್ಕು ತಿಂಗಳ ಬಳಿಕ ಅವರು ಒಮ್ಮೆ ಬಂದರು. ವಿಭಾಗ ಬದಲಾಗಿತ್ತು. ಜೀರುಂಡೆ ಹೋಗಿರಲಿಲ್ಲ, ಆದರೆ ಅದು ಏನೆಂದು ತಿಳಿದ ಮೇಲೆ ಅದರ ಜೊತೆ ಮಲಗುವುದು ಸಾಧ್ಯವಾಗಿದೆ ಎಂದರು. ವೈದ್ಯರು ಶ್ರವಣಸಾಧನ ಹಾಕಿಕೊಳ್ಳಲು ಹೇಳಿದ್ದಾರೆ, ಅವರು ಇನ್ನೂ ಮನಸ್ಸು ಮಾಡಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಹಾಡಿನ ಲೆಕ್ಕ ನಾನು ಎಣಿಸಿದ್ದಕ್ಕಿಂತ ಬೇರೆಯಾಗಿತ್ತು. ಇಪ್ಪತ್ತರಲ್ಲಿ ಕುಣಿಸಿದ್ದ ಅತಿವೇಗದ ಹಾಡುಗಳು ಮರಳಿ ಬರಲಿಲ್ಲ. ಸಣ್ಣ ಸದ್ದಿನಲ್ಲಿ ಕೇಳಿದರೆ ಈಗ ಅವು ಗದ್ದಲವೆನಿಸುವುದಿಲ್ಲ, ಬರೀ ಬೇಸರವಾಗುತ್ತವಂತೆ. ಆ ಶಬ್ದಕ್ಕಾಗಿ ನಾನು ಕಾಯುತ್ತಿದ್ದೆ. ಅವುಗಳನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಲು ಈಗ ನನಗೆ ಅಳುಕಿಲ್ಲ. ನಿಧಾನಗತಿಯ, ಭಾರವಾದ ಹಾಡುಗಳು ಮಾತ್ರ ಉಳಿದುಕೊಂಡಿವೆ. ‘ಆಗ ಸಿಟ್ಟು ಬೇಕಾಗಿತ್ತು, ಈಗ ಭಾರ ಇದ್ರ ಸಾಕು’ ಎಂದು ವಿವರಿಸಲು ಹೋಗಿ, ಅದೂ ಸರಿಯಲ್ಲವೆಂಬಂತೆ ತಲೆಯಾಡಿಸಿ ಬಿಟ್ಟರು.

ಹೊರಡುವ ಮೊದಲು ಅದೇ ಸ್ಪೀಕರ್ ತೆಗೆದು ಅದೇ ಹಾಡು ಹಚ್ಚಿದರು, ಸಣ್ಣಗೆ. ಈ ಸಲ ಕಾಮೆಂಟರಿ ಇರಲಿಲ್ಲ. ಕಣ್ಣು ಮುಚ್ಚಿ, ತೋರುಬೆರಳಿನಿಂದ ಮೇಜಿನ ಅಂಚಿಗೆ ತಟ್ಟುತ್ತ ಕುಳಿತರು. ಮದ್ದಳೆಯ ತಾಳ ಹಿಡಿದು ಬೆಳೆದ ನಾನು ಮೊದಲು ಅದನ್ನು ಬರೀ ತಾಳವೆಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದರೆ ಬೆರಳು ಡ್ರಮ್ಮಿನ ಜೊತೆಯಲ್ಲಿರಲಿಲ್ಲ. ಅವರಿಗೆ ಕೇಳಿಸದ ಸಿಂಬಲ್ ನನಗೆ ಕೇಳಿಸಿದ ಪ್ರತಿಯೊಂದು ಸಲವೂ, ಒಂದನ್ನೂ ತಪ್ಪದೆ, ಆ ಬೆರಳು ಮೇಜಿನ ಮೇಲೆ ಬೀಳುತ್ತಿತ್ತು.